ಟೆಕ್ಸಾಸ್‌ನ ಶಾಲಾ ಕೋಚ್‌ಗಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಕ್ರೀಡಾ ಪುಟವನ್ನು ಇಲ್ಲಿ ಡಲ್ಲಾಸ್ ಹತ್ತಿರ ಕೂತು ದಿನಾ ಬೆಳಿಗ್ಗೆ ಓದುತ್ತೇನೆ. ಅಮೆರಿಕನ್ ಫುಟ್‌ಬಾಲ್ ಸುದ್ದಿ ಅದರಲ್ಲಿ ಕಾಣುವುದು ವರ್ಷಕ್ಕೊಂದು ಸಲ, ಅದರ ದೊಡ್ಡ ಫೈನಲ್ ಸೂಪರ್ ಬೌಲ್ ಮುಗಿದ ಮೇಲೆ. ಅದರಲ್ಲೂ ನಡುವೆ ಹಾಡಿದವರು ಯಾರು, ಜಾಹೀರಾತಿಗೆ ಎಷ್ಟು ದುಡ್ಡು ಅನ್ನೋದೇ ಜಾಸ್ತಿ. ಬೇಡ ಅನ್ನಲ್ಲ. ಆದರೆ ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಸುತ್ತ ಇರುವ ನಮ್ಮ ಕನ್ನಡದ ಮನೆಗಳಿಗೆ ಈ ಆಟ ಬರುವುದು ಟಿವಿಯಿಂದಲ್ಲ, ಮಕ್ಕಳ ಶಾಲೆಯಿಂದ. ಊರಿನಿಂದ ಬಂದ ಅಜ್ಜ ಅಜ್ಜಿ ಕೂಡ ಮೊದಲು ಕೇಳುವುದು, ಒಂದು ಹೈಸ್ಕೂಲಿಗೆ ಇಷ್ಟು ದೊಡ್ಡ ಸ್ಟೇಡಿಯಂ ಯಾಕೆ ಅಂತ. ಪಕ್ಕದ ಅಲೆನ್ ಊರಿನಲ್ಲಿ 2012ರಲ್ಲಿ ತೆರೆದ ಶಾಲಾ ಸ್ಟೇಡಿಯಂನಲ್ಲಿ 18,000 ಸೀಟು. ಅದಕ್ಕೆ ಸುರಿದದ್ದು ಸುಮಾರು 6 ಕೋಟಿ ಡಾಲರ್.

ಆ ಪ್ರಶ್ನೆಗೆ ಸ್ಟೇಡಿಯಂ ತೋರಿಸಿ ಉತ್ತರ ಕೊಡುವುದಕ್ಕಿಂತ ಒಬ್ಬ ಕೋಚ್ ಕಥೆ ಹೇಳುವುದು ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಅವರ ಹೆಸರು ಟಾಡ್ ಡಾಡ್ಜ್. ಟೆಕ್ಸಾಸ್ ಯೂನಿವರ್ಸಿಟಿಗೆ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದವರು, ಆಮೇಲೆ ಹೈಸ್ಕೂಲ್ ಕೋಚ್ ಆದವರು. ಇಲ್ಲಿ ಅವರ ಹೆಸರು ಗೊತ್ತಿಲ್ಲದ ಫುಟ್‌ಬಾಲ್ ಪ್ರೇಮಿ ಸಿಗುವುದು ಕಷ್ಟ. ಆದರೂ ಎಷ್ಟೋ ಜನ ಅವರ ಕಥೆಯನ್ನು ಹತ್ತಿದರು, ಬಿದ್ದರು, ಮತ್ತೆ ಹತ್ತಿದರು ಅಂತ ಹೇಳುತ್ತಾರೆ. ಆ ಲೆಕ್ಕದಲ್ಲಿ ಶಾಲೆ ಅಂದರೆ ಕೆಳಗಿನ ಮೆಟ್ಟಿಲು, ಕಾಲೇಜು ಮೇಲಿನದು, ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್ ತುದಿಯದು. ಈ ಲೆಕ್ಕವೇ ಸರಿಯಿಲ್ಲ ಅನ್ನುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕ್ವಾರ್ಟರ್‌ಬ್ಯಾಕ್ ಅಂದರೆ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಯಾರ ಕೈಗೆ ಬರುತ್ತದೋ ಆ ಹುಡುಗ. ಎದುರಿಗೆ ಹನ್ನೊಂದು ಜನ ಹೇಗೆ ನಿಂತಿದ್ದಾರೆ ಅಂತ ನೋಡಬೇಕು, ಪಕ್ಕದಲ್ಲಿ ಓಡುವವನ ಕೈಗೆ ಕೊಡಬೇಕಾ, ದೂರ ಎಸೆಯಬೇಕಾ, ಎಸೆದರೆ ಯಾರಿಗೆ ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು, ಅಷ್ಟರಲ್ಲಿ ನೂರು ಕಿಲೋ ಮೀರಿದ ಹುಡುಗರು ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ. ತೋಳಿನ ಬಲ ಬೇಕು, ನಿಜ. ಅದಕ್ಕಿಂತ ಜಾಸ್ತಿ ಬೇಕಾದದ್ದು ತಲೆ.

ಡಾಡ್ಜ್ ಬೆಳೆದದ್ದು ಪೋರ್ಟ್ ಆರ್ಥರ್‌ನಲ್ಲಿ. ಮೆಕ್ಸಿಕೋ ಕೊಲ್ಲಿಯ ಕಡೆ, ಲೂಸಿಯಾನಾ ಗಡಿ ಹತ್ತಿರ ಇರುವ ಎಣ್ಣೆ ಶುದ್ಧೀಕರಣದ ಊರು ಅದು. ಅಲ್ಲಿನ ಥಾಮಸ್ ಜೆಫರ್ಸನ್ ಹೈಸ್ಕೂಲಿನಲ್ಲಿ ಓದಿದರು. ಗಾಯಕಿ ಜಾನಿಸ್ ಜಾಪ್ಲಿನ್, ಡಲ್ಲಾಸ್ ಕೌಬಾಯ್ಸ್ ಕೋಚ್ ಆಗಿದ್ದ ಜಿಮ್ಮಿ ಜಾನ್ಸನ್ ಕೂಡ ಅದೇ ಶಾಲೆಯವರು. ಆ ಕಾಲಕ್ಕೆ ಟೆಕ್ಸಾಸ್ ಶಾಲೆಗಳಲ್ಲಿ ಆಟ ಅಂದರೆ ಚೆಂಡು ಹಿಡಿದು ಓಡುವುದು, ಎಸೆಯುವುದು ಅಪರೂಪ. ಅಂಥಾದ್ದರಲ್ಲಿ 1980ರಲ್ಲಿ ಈ ಹುಡುಗ ಒಂದೇ ಸೀಸನ್‌ನಲ್ಲಿ 3,000 ಗಜಕ್ಕಿಂತ ಜಾಸ್ತಿ ಎಸೆದ. ಟೆಕ್ಸಾಸ್‌ನ ಯಾವ ಹೈಸ್ಕೂಲ್ ಹುಡುಗನೂ ಅದಕ್ಕೆ ಮುಂಚೆ ಅಷ್ಟು ಎಸೆದಿರಲಿಲ್ಲ. ತಂಡ ಸ್ಟೇಟ್ ಫೈನಲ್‌ವರೆಗೆ ಹೋಯಿತು, ಒಡೆಸ್ಸಾ ಪರ್ಮಿಯನ್ ಎದುರು 28-19ರಲ್ಲಿ ಸೋತಿತು.

ಅಲ್ಲಿಂದ ಆಸ್ಟಿನ್‌ನ ಟೆಕ್ಸಾಸ್ ಯೂನಿವರ್ಸಿಟಿಗೆ. ಆ ರಾಜ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಆದವನಿಗೆ ಅದಕ್ಕಿಂತ ದೊಡ್ಡ ಜಾಗ ಇಲ್ಲ. 1984ರಲ್ಲಿ ಡಾಡ್ಜ್ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದರು. ಆ ಅಕ್ಟೋಬರ್‌ನಲ್ಲಿ ಟೆಕ್ಸಾಸ್ ದೇಶದ ನಂಬರ್ ಒನ್ ತಂಡ. ಮಳೆಯಲ್ಲಿ ನೆನೆದ ಡಲ್ಲಾಸ್‌ನ ಕಾಟನ್ ಬೌಲ್ ಮೈದಾನದಲ್ಲಿ ಓಕ್ಲಹೋಮಾ ಜೊತೆ 15-15 ಸಮ ಆಯಿತು. ಆಮೇಲೆ ಸೀಸನ್ ಹಳಿ ತಪ್ಪಿತು, ಕೊನೆಗೆ ಫ್ರೀಡಂ ಬೌಲ್ ಅನ್ನುವ ಸೀಸನ್ ಕೊನೆಯ ಮ್ಯಾಚಿನಲ್ಲಿ ಅಯೋವಾ 55-17ರಿಂದ ಸೋಲಿಸಿತು. 1985ರಲ್ಲಿ ಜಾಗವನ್ನು ಇನ್ನೊಬ್ಬ ಹುಡುಗನ ಜೊತೆ ಹಂಚಿಕೊಳ್ಳಬೇಕಾಯಿತು. ಎನ್‌ಎಫ್‌ಎಲ್‌ನಲ್ಲಿ ಅವರು ಆಡಲಿಲ್ಲ. ಆಟಗಾರನಾಗಿ ಕಥೆ ಅಲ್ಲಿಗೆ ಮುಗಿಯಿತು.

ಇಂಥ ಹುಡುಗರು ಟೆಕ್ಸಾಸ್‌ನಲ್ಲಿ ನೂರಾರು. ಕಾಲೇಜಿನಲ್ಲಿ ಹೆಸರು ಮಾಡಿ ಇಪ್ಪತ್ತೆರಡಕ್ಕೆ ಆಟ ಮುಗಿಸಿದವರು. ಅವರಲ್ಲಿ ಕೆಲವರು ಶಾಲೆಗೆ ಬರುತ್ತಾರೆ. ಇಲ್ಲಿ ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್ ಅಂದರೆ ಸಂಜೆ ಬಂದು ಸೀಟಿ ಊದಿ ಹೋಗುವ ಕೆಲಸ ಅಲ್ಲ. ಶಾಲೆಗಳ ಸ್ಪರ್ಧೆಗಳನ್ನು ನಡೆಸುವ ಯುಐಎಲ್ ಅನ್ನುವ ಸಂಸ್ಥೆ 1910ರಿಂದ ಇದೆ. ಅದರ ನಿಯಮದ ಪ್ರಕಾರ ಕೋಚ್ ಆ ಶಾಲಾ ಜಿಲ್ಲೆಯ ಪೂರ್ಣಾವಧಿ ನೌಕರನೇ ಆಗಿರಬೇಕು. ಹಾಗಾಗಿ ಸಹಾಯಕ ಕೋಚ್‌ಗಳಲ್ಲಿ ತುಂಬಾ ಜನ ಹಗಲು ಚರಿತ್ರೆ, ಗಣಿತ, ವಿಜ್ಞಾನ ಪಾಠ ಮಾಡುವ ಮೇಷ್ಟ್ರುಗಳು. ತರಗತಿಯಲ್ಲಿ ನೋಡಿದ ಹುಡುಗನನ್ನೇ ಮೈದಾನದಲ್ಲೂ ನೋಡುತ್ತಾರೆ. ದೊಡ್ಡ ಶಾಲೆಗಳ ಹೆಡ್ ಕೋಚ್‌ಗೆ ವರ್ಷಕ್ಕೆ 1 ಲಕ್ಷ ಡಾಲರ್ ಮೀರಿ ಸಂಬಳ ಇರುತ್ತದೆ, ಗೆಲ್ಲದಿದ್ದರೆ ಊರೆಲ್ಲ ಮಾತು ಕೇಳಬೇಕಾಗುತ್ತದೆ.

ಇನ್ನೊಂದು ವಿಷಯ ನಮ್ಮ ಕನ್ನಡದ ತಂದೆತಾಯಂದಿರು ಗಮನಿಸಬೇಕು. ಡಾಡ್ಜ್ ಟೆಕ್ಸಾಸ್ ತಂಡದ ಕ್ವಾರ್ಟರ್‌ಬ್ಯಾಕ್ ಆದ ಅದೇ 1984ರಲ್ಲಿ ಇಲ್ಲಿ ಒಂದು ಕಾನೂನು ಬಂತು. ಪಾಸಾಗದಿದ್ದರೆ ಆಡುವಂತಿಲ್ಲ. ಅದಕ್ಕೆ ದಾರಿ ಮಾಡಿದ್ದು ಡಲ್ಲಾಸ್‌ನ ಉದ್ಯಮಿ ರಾಸ್ ಪೆರೋ ನೇತೃತ್ವದ ಸಮಿತಿ. 70ಕ್ಕಿಂತ ಕಡಿಮೆ ಅಂಕ ಬಂದ ಹುಡುಗ ಮ್ಯಾಚ್‌ನಿಂದ ಹೊರಗೆ, ಅವನು ಎಷ್ಟೇ ದೊಡ್ಡ ಸ್ಟಾರ್ ಆಗಿರಲಿ. ಆಗ ತುಂಬಾ ಕೋಚ್‌ಗಳು ಕೂಗಾಡಿದರು. ಈಗ ಅದು ಮೂರು ವಾರದ ನಿಷೇಧ, ಯಾರೂ ಅದನ್ನು ತೆಗೆಯಿರಿ ಅನ್ನುವುದಿಲ್ಲ. ಕೋಚ್ ಆದವನು ಹುಡುಗರ ಮಾರ್ಕ್ಸ್ ಕೂಡ ನೋಡುತ್ತಿರಬೇಕು ಅನ್ನುವುದು ಈಗ ಕೆಲಸದ ಭಾಗವೇ ಆಗಿದೆ.

ಡಾಡ್ಜ್ ಹಲವು ಶಾಲೆಗಳಲ್ಲಿ ದುಡಿದು 2000ದಲ್ಲಿ ಸೌತ್‌ಲೇಕ್ ಕ್ಯಾರೋಲ್ ಹೈಸ್ಕೂಲಿಗೆ ಬಂದರು. ಡಲ್ಲಾಸ್, ಫೋರ್ಟ್‌ವರ್ತ್ ಎರಡರ ನಡುವೆ, ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ಊರು. ಶ್ರೀಮಂತರ ಊರು. ಇದನ್ನು ಮುಚ್ಚಿಡುವುದು ಬೇಡ, ಆಮೇಲೆ ಅವರು ಕೋಚ್ ಆಗಿ ಗೆದ್ದ ಆಸ್ಟಿನ್‌ನ ವೆಸ್ಟ್‌ಲೇಕ್ ಶಾಲೆ ಇರುವುದು ಕೂಡ ಶ್ರೀಮಂತರ ಜಾಗದಲ್ಲೇ. ದುಡ್ಡಿರುವ ಊರಿನಲ್ಲಿ ಮೈದಾನ ಚೆನ್ನಾಗಿರುತ್ತದೆ, ಜಿಮ್ ಇರುತ್ತದೆ, ಖಾಸಗಿಯಾಗಿ ಎಸೆತ ಹೇಳಿಕೊಡುವವರನ್ನು ಅಪ್ಪಂದಿರೇ ಇಟ್ಟುಕೊಳ್ಳುತ್ತಾರೆ. ಬಡ ಊರಿನ ಕೋಚ್‌ಗೆ ಇದ್ಯಾವುದೂ ಇಲ್ಲ. ಆದರೆ ಟೆಕ್ಸಾಸ್‌ನಲ್ಲಿ ಶ್ರೀಮಂತ ಊರುಗಳು ಹತ್ತಾರಿವೆ, ಎಲ್ಲವೂ ಗೆಲ್ಲಲಿಲ್ಲ ಅಲ್ವಾ?

ಅವರು ಮಾಡಿದ್ದು ಏನು ಅಂದರೆ, ಏಳನೇ ತರಗತಿಯ ಹುಡುಗರಿಂದಲೇ ಒಂದೇ ಪದ್ಧತಿ ಶುರು ಮಾಡಿದರು. ಮಿಡಲ್ ಸ್ಕೂಲಿನಲ್ಲಿ ಕಲಿತ ಸನ್ನೆಗಳು, ಪ್ಲೇ ಅನ್ನುವ ಒಂದೊಂದು ಸಲದ ಆಟದ ಯೋಜನೆಗಳ ಹೆಸರುಗಳು, ಎಸೆದ ಚೆಂಡು ಹಿಡಿಯುವ ರಿಸೀವರ್ ಎಷ್ಟು ಹೆಜ್ಜೆ ಓಡಿ ಯಾವ ಕಡೆ ತಿರುಗಬೇಕು ಅನ್ನುವುದು, ಇದೆಲ್ಲ ಹೈಸ್ಕೂಲಿಗೆ ಬಂದಾಗ ಬದಲಾಗುತ್ತಿರಲಿಲ್ಲ. ಆಟದ ಶೈಲಿ ಸ್ಪ್ರೆಡ್. ನಾಲ್ಕು ರಿಸೀವರ್‌ಗಳನ್ನು ಮೈದಾನದ ಅಗಲಕ್ಕೂ ನಿಲ್ಲಿಸುವುದು, ಕ್ವಾರ್ಟರ್‌ಬ್ಯಾಕ್ ನಾಲ್ಕೈದು ಗಜ ಹಿಂದೆ ನಿಲ್ಲುವುದು, ಪ್ರತಿ ಪ್ಲೇ ಮುಂಚೆ ಗುಂಪು ಸೇರಿ ಮಾತಾಡುವ ಹಡಲ್ ಬಿಟ್ಟು ಒಂದರ ಹಿಂದೆ ಒಂದು ಆಡಿಸುವುದು. ಎದುರಾಳಿ ಅಗಲಕ್ಕೆ ಚದುರಲೇಬೇಕಾಗುತ್ತದೆ, ಚದುರಿದಾಗ ನಡುವೆ ಜಾಗ ಬೀಳುತ್ತದೆ, ಆ ಜಾಗವನ್ನು ಕಂಡು ಸರಿಯಾದ ಕ್ಷಣಕ್ಕೆ ಚೆಂಡು ತಲುಪಿಸುವ ಹುಡುಗ ಇದ್ದರೆ ದೊಡ್ಡ ಮೈಕಟ್ಟಿನವರ ಗೋಡೆ ಬೇಕಾಗುವುದಿಲ್ಲ. ಊರಿನಲ್ಲಿ ಸಿಗುವ ಸಾಧಾರಣ ಮೈಕಟ್ಟಿನ ಹುಡುಗರಿಗೆ ಇದು ಹೊಂದಿತು.

ಫಲ ನೋಡಿ. 2002, 2004, 2005, 2006ರಲ್ಲಿ ಸ್ಟೇಟ್ ಚಾಂಪಿಯನ್. 2003ರಲ್ಲಿ ಫೈನಲ್‌ನಲ್ಲಿ ಕೇಟಿ ಶಾಲೆ ಎದುರು 16-15, ಒಂದೇ ಪಾಯಿಂಟ್ ಸೋಲು. ಐದು ವರ್ಷದಲ್ಲಿ 79 ಗೆಲುವು, 1 ಸೋಲು. ದೊಡ್ಡ ಶಾಲೆಗಳ ವರ್ಗದಲ್ಲಿ ಇಂಥ ಓಟ ಕಾಣುವುದು ತೀರಾ ಅಪರೂಪ.

ನನಗೆ ಈ ಅಂಕಿಗಿಂತ ಇಷ್ಟವಾಗುವುದು ಗ್ರೆಗ್ ಮೆಕ್‌ಎಲ್‌ರಾಯ್ ಅನ್ನುವ ಹುಡುಗನ ವಿಷಯ. ಅವನ ಮುಂದೆ ಚೇಸ್ ಡೇನಿಯಲ್ ಅನ್ನುವ ಸ್ಟಾರ್ ಇದ್ದ. ಆ ಡೇನಿಯಲ್ ಆಮೇಲೆ ಮಿಸೌರಿ ಯೂನಿವರ್ಸಿಟಿಯಲ್ಲಿ ಆಡಿ 2007ರಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಮತದಾನದಲ್ಲಿ ನಾಲ್ಕನೆಯವನಾದ, ಹತ್ತು ವರ್ಷಕ್ಕೂ ಮೀರಿ ಎನ್‌ಎಫ್‌ಎಲ್‌ನಲ್ಲಿ ಇದ್ದ. ಡೇನಿಯಲ್ ಇರುವಷ್ಟು ದಿನ ಮೆಕ್‌ಎಲ್‌ರಾಯ್ ಬೆಂಚಿನಲ್ಲಿ ಕಾದ. ಬೇರೆ ಶಾಲೆಗೆ ಓಡಲಿಲ್ಲ. ಕೊನೆಯ ವರ್ಷ, 2005ರಲ್ಲಿ, ಒಂದೇ ಒಂದು ಸೀಸನ್ ಸಿಕ್ಕಿತು. ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಾಯಿಂಟ್ ತರುವ ಟಚ್‌ಡೌನ್ ಎಸೆತಗಳನ್ನು 50ಕ್ಕೂ ಮೀರಿ ಎಸೆದು ತಂಡಕ್ಕೆ ಸ್ಟೇಟ್ ಟೈಟಲ್ ತಂದ. ಅಲಬಾಮಾ ಯೂನಿವರ್ಸಿಟಿಗೆ ಹೋಗಿ 2009ರ ಸೀಸನ್‌ನಲ್ಲಿ ಒಂದೂ ಸೋಲಿಲ್ಲದೆ ರಾಷ್ಟ್ರೀಯ ಚಾಂಪಿಯನ್ ಆದ. ಹದಿನಾರು ವರ್ಷದ ಹುಡುಗನನ್ನು ಬೆಂಚಿನಲ್ಲಿ ಕೂರಿಸಿ, ಅವನ ಕಲಿಕೆಯೂ ನಿಲ್ಲದಂತೆ, ಮನಸ್ಸೂ ಒಡೆಯದಂತೆ ನೋಡಿಕೊಳ್ಳುವುದು ಸಣ್ಣ ಕೆಲಸ ಅಲ್ಲ. ಅದು ಸ್ಕೋರ್‌ಬೋರ್ಡಿನಲ್ಲಿ ಕಾಣುವುದಿಲ್ಲ.

2006ರ ಫೈನಲ್ ಕೂಡ ಹೇಳಲೇಬೇಕು. ಆ ವರ್ಷ ಕ್ಯಾರೋಲ್ ತಂಡದ ಕ್ವಾರ್ಟರ್‌ಬ್ಯಾಕ್ ಡಾಡ್ಜ್ ಅವರ ಮಗ ರೈಲಿ. ಎದುರಿಗೆ ಆಸ್ಟಿನ್‌ನ ವೆಸ್ಟ್‌ಲೇಕ್, ಅದರ ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್. ಹೌದು, 2018ರ ಸೂಪರ್ ಬೌಲ್‌ನಲ್ಲಿ ಟಾಮ್ ಬ್ರೇಡಿಯನ್ನು ಸೋಲಿಸಿ ಪಂದ್ಯಶ್ರೇಷ್ಠ ಆದ ಅದೇ ಫೋಲ್ಸ್. ಕ್ಯಾರೋಲ್ 43-29ರಲ್ಲಿ ಗೆದ್ದಿತು.

ಅದಾದ ತಕ್ಷಣ ಡೆಂಟನ್‌ನ ನಾರ್ತ್ ಟೆಕ್ಸಾಸ್ ಯೂನಿವರ್ಸಿಟಿ ಡಾಡ್ಜ್ ಅವರನ್ನು ಹೆಡ್ ಕೋಚ್ ಆಗಿ ಕರೆಯಿತು. ಹೈಸ್ಕೂಲಿನಿಂದ ನೇರವಾಗಿ ಇಂಥ ಹುದ್ದೆ ಸಿಗುವುದು ಬಹಳ ಅಪರೂಪ. ಎಲ್ಲರೂ ಬಡ್ತಿ ಅಂದರು. ಮೊದಲ ಮ್ಯಾಚ್ ಓಕ್ಲಹೋಮಾ ಎದುರು, 79-10 ಸೋಲು. ಮೂರೂವರೆ ವರ್ಷದಲ್ಲಿ 6 ಗೆಲುವು, 37 ಸೋಲು. ಮಗ ರೈಲಿ ಕೂಡ ಟೆಕ್ಸಾಸ್ ಯೂನಿವರ್ಸಿಟಿಗೆ ಹೋಗುವುದನ್ನು ಬಿಟ್ಟು ಅಪ್ಪನ ತಂಡಕ್ಕೇ ಆಡಲು ಬಂದಿದ್ದ. 2010ರ ಅಕ್ಟೋಬರ್‌ನಲ್ಲಿ, ಸೀಸನ್ ನಡುವೆಯೇ, ಡಾಡ್ಜ್ ಅವರನ್ನು ತೆಗೆದುಹಾಕಿದರು.

ಇಲ್ಲೇ ಜನ ಎಡವುವುದು. ನೋಡಿ, ದೊಡ್ಡ ಮಟ್ಟಕ್ಕೆ ಹೋದರೆ ಅವರ ಕೈಲಿ ಆಗಲಿಲ್ಲ, ಶಾಲೆ ಆಟವೇ ಅವರಿಗೆ ಸರಿ ಅನ್ನುತ್ತಾರೆ. ಆದರೆ ಎರಡೂ ಬೇರೆ ಕೆಲಸ. ಕಾಲೇಜು ಕೋಚ್ ದೇಶವೆಲ್ಲ ಸುತ್ತಿ ಹುಡುಗರನ್ನು ಹುಡುಕಿ, ಒಲಿಸಿ ಕರೆತರಬೇಕು. ಅರ್ಧ ಕೆಲಸ ಅದೇ. ನಾರ್ತ್ ಟೆಕ್ಸಾಸ್‌ನಂಥ ಚಿಕ್ಕ ಯೂನಿವರ್ಸಿಟಿಗೆ ಅದು ಇನ್ನೂ ಕಷ್ಟ, ಸುತ್ತಲಿನ ಒಳ್ಳೆಯ ಹುಡುಗರನ್ನೆಲ್ಲ ದೊಡ್ಡವರು ಮೊದಲೇ ಎತ್ತಿಕೊಂಡಿರುತ್ತಾರೆ. ಶಾಲಾ ಕೋಚ್‌ಗೆ ಆ ಆಯ್ಕೆಯೇ ಇಲ್ಲ. ಆ ಊರಿನ ಗಡಿಯೊಳಗೆ ಯಾರ ಮನೆಯಿದೆಯೋ ಅವರ ಮಕ್ಕಳೇ ಅವನ ತಂಡ. ಆಟಕ್ಕೋಸ್ಕರ ಶಾಲೆ ಬದಲಿಸಿದರೆ ಯುಐಎಲ್ ತಡೆಯುತ್ತದೆ. ಈ ವರ್ಷ ಒಳ್ಳೆಯ ಎಸೆಗಾರ ಇಲ್ಲ ಅಂದರೆ ಅಂಗಡಿಯಿಂದ ತರಲಾಗುವುದಿಲ್ಲ, ಎಂಟನೇ ತರಗತಿಯಿಂದ ಬೆಳೆಸಿಕೊಂಡು ಬರಬೇಕು. ಡಾಡ್ಜ್ ನಿಪುಣರಾದದ್ದು ಈ ಬೆಳೆಸುವ ಕೆಲಸದಲ್ಲಿ. ಅದನ್ನು ಕೆಳಗಿನದು ಅನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

2011ರಲ್ಲಿ ಒಂದು ವರ್ಷ ಪಿಟ್ಸ್‌ಬರ್ಗ್ ಯೂನಿವರ್ಸಿಟಿಯಲ್ಲಿ ಕ್ವಾರ್ಟರ್‌ಬ್ಯಾಕ್‌ಗಳ ಕೋಚ್ ಆಗಿದ್ದರು. ಆಮೇಲೆ ಮಾರ್ಬಲ್ ಫಾಲ್ಸ್ ಅನ್ನುವ ಚಿಕ್ಕ ಊರಿನ ಹೈಸ್ಕೂಲಿಗೆ ಬಂದರು. ನಾಲ್ಕು ಸ್ಟೇಟ್ ಟೈಟಲ್ ಗೆದ್ದವರು, ಕಾಲೇಜಿನಲ್ಲಿ ಹೆಡ್ ಕೋಚ್ ಆಗಿದ್ದವರು. ಅಲ್ಲಿ ಎರಡು ಸೀಸನ್ ಕೆಲಸ ಮಾಡಿದರು, ಪ್ರಶಸ್ತಿ ಏನೂ ಬರಲಿಲ್ಲ. ಅವರ ಬಗ್ಗೆ ನನಗೆ ಗೌರವ ಜಾಸ್ತಿಯಾಗುವುದು ಈ ಎರಡು ವರ್ಷಕ್ಕೆ.

2014ರಲ್ಲಿ ವೆಸ್ಟ್‌ಲೇಕ್‌ಗೆ ಬಂದರು. ಎಂಟು ವರ್ಷದ ಹಿಂದೆ ಫೈನಲ್‌ನಲ್ಲಿ ತಾವೇ ಸೋಲಿಸಿದ ಶಾಲೆ. ಅಲ್ಲಿನ ಮೈದಾನದ ಹೆಸರು ಎಬ್ಬಿ ನೆಪ್ಚೂನ್ ಫೀಲ್ಡ್. ಆ ನೆಪ್ಚೂನ್ ಅದೇ ಶಾಲೆಯ ಹಳೆಯ ಕೋಚ್, ಡಾಡ್ಜ್ ಅವರ ಹೆಂಡತಿಯ ತಂದೆ. ಮುಂದೆ ಸೂಪರ್ ಬೌಲ್ ಗೆದ್ದ ಡ್ರೂ ಬ್ರೀಸ್ ಕ್ವಾರ್ಟರ್‌ಬ್ಯಾಕ್ ಆಗಿದ್ದಾಗ 1996ರಲ್ಲಿ ವೆಸ್ಟ್‌ಲೇಕ್ ಸ್ಟೇಟ್ ಗೆದ್ದಿತ್ತು. ಆಮೇಲೆ ಎಷ್ಟು ಸಲ ಹತ್ತಿರ ಬಂದರೂ ಟೈಟಲ್ ಇರಲಿಲ್ಲ. 2019ರಲ್ಲಿ ಡೆಂಟನ್ ಗೈಯರ್ ಶಾಲೆಯನ್ನು 24-0ರಲ್ಲಿ ಸೋಲಿಸಿ ಆ ಬರ ಮುಗಿಸಿದರು. 2020, 2021ರಲ್ಲೂ ಗೆದ್ದರು. ಒಟ್ಟು ಏಳು ಸ್ಟೇಟ್ ಟೈಟಲ್. ಸ್ಯಾಮ್ ಎಲಿಂಗರ್, ಕೇಡ್ ಕ್ಲಬ್‌ನಿಕ್ ಇಬ್ಬರೂ ಅಲ್ಲಿ ಅವರ ಕೈಯಲ್ಲಿ ಬೆಳೆದ ಕ್ವಾರ್ಟರ್‌ಬ್ಯಾಕ್‌ಗಳು.

2020ರ ಸೀಸನ್ ಕೋವಿಡ್‌ನಿಂದ ತಡವಾಗಿ ಶುರುವಾಯಿತು, ಫೈನಲ್ ನಡೆದದ್ದು 2021ರ ಜನವರಿ 16ಕ್ಕೆ, ಆರ್ಲಿಂಗ್‌ಟನ್‌ನ ಎಟಿ ಆಂಡ್ ಟಿ ಸ್ಟೇಡಿಯಂನಲ್ಲಿ. ಒಂದು ಕಡೆ ವೆಸ್ಟ್‌ಲೇಕ್, ಅಪ್ಪ ಟಾಡ್ ಕೋಚ್. ಇನ್ನೊಂದು ಕಡೆ ಸೌತ್‌ಲೇಕ್ ಕ್ಯಾರೋಲ್, 2018ರಿಂದ ಅದರ ಕೋಚ್ ಮಗ ರೈಲಿ. ಅಪ್ಪ ಕಟ್ಟಿದ ತಂಡವನ್ನು ಮಗ ನಡೆಸುತ್ತಿದ್ದಾನೆ, ಅಪ್ಪ ಬಂದು ಅದರ ಎದುರು ನಿಂತಿದ್ದಾರೆ. ತಾಯಿ ಯಾರ ಪರ ಕೂಗಬೇಕು ಹೇಳಿ! ವೆಸ್ಟ್‌ಲೇಕ್ 52-34ರಲ್ಲಿ ಗೆದ್ದಿತು. ಆವತ್ತು ಅಪ್ಪನ ಕಡೆಯಿಂದ ಎಸೆದವನು ಕ್ಲಬ್‌ನಿಕ್, ಮಗನ ಕಡೆಯಿಂದ ಕ್ವಿನ್ ಯೂವರ್ಸ್. ಸುಮಾರು ನಾಲ್ಕು ವರ್ಷದ ಮೇಲೆ, 2024ರ ಡಿಸೆಂಬರ್‌ನಲ್ಲಿ, ಕಾಲೇಜು ಪ್ಲೇಆಫ್‌ನಲ್ಲಿ ಅದೇ ಇಬ್ಬರು ಆಸ್ಟಿನ್‌ನಲ್ಲಿ ಎದುರುಬದುರಾದರು. ಕ್ಲೆಮ್ಸನ್ ಪರ ಕ್ಲಬ್‌ನಿಕ್, ಟೆಕ್ಸಾಸ್ ಪರ ಯೂವರ್ಸ್. ಟೆಕ್ಸಾಸ್ 38-24ರಲ್ಲಿ ಗೆದ್ದಿತು. ಟಿವಿ ಮುಂದೆ ದೇಶವೆಲ್ಲ ಕೂತು ನೋಡಿದ ಆ ಮ್ಯಾಚಿನ ಎರಡೂ ಕ್ವಾರ್ಟರ್‌ಬ್ಯಾಕ್‌ಗಳು ಒಂದೇ ಮನೆಯ ಅಪ್ಪ ಮಗನ ಕೈಯಲ್ಲಿ ಶಾಲೆಯಲ್ಲಿ ಕಲಿತವರು. ಇದು ನಿಮ್ಮ ಪುಟಕ್ಕೆ ಸುದ್ದಿಯಲ್ಲವೇ?

2021ರ ಟೈಟಲ್ ಗೆದ್ದು ಡಾಡ್ಜ್ ನಿವೃತ್ತರಾದರು. ಆದರೆ 2024ರಲ್ಲಿ ಮತ್ತೆ ಬಂದರು, ಲೂಕಸ್ ಊರಿನ ಲವ್‌ಜಾಯ್ ಹೈಸ್ಕೂಲಿಗೆ. ಪ್ಲೇನೋ, ಅಲೆನ್ ಕಡೆಯ ನಮ್ಮ ಕನ್ನಡದವರಿಗೆ ಅದು ತೀರಾ ಹತ್ತಿರ. ಅರವತ್ತು ದಾಟಿದ ಮನುಷ್ಯ, ಸಾಧಿಸಬೇಕಾದ್ದು ಏನೂ ಉಳಿದಿಲ್ಲ, ಆದರೂ ಟೆಕ್ಸಾಸ್‌ನ ಆಗಸ್ಟ್ ಬಿಸಿಲಿನಲ್ಲಿ ಹದಿನೈದು ವರ್ಷದ ಹುಡುಗರಿಗೆ ಕಾಲು ಎಲ್ಲಿಡಬೇಕು ಅಂತ ಹೇಳಿಕೊಡಲು ವಾಪಸ್ ಬಂದರು. ಶಾಲೆ ಕೆಳಗಿನ ಮೆಟ್ಟಿಲಾಗಿದ್ದರೆ ಯಾರಾದರೂ ಹೀಗೆ ಬರುತ್ತಾರಾ?

ಈ ಆಟದ ಬಗ್ಗೆ ನಮ್ಮವರಿಗೆ ಇರುವ ಭಯವೂ ನಿಜ. ತಲೆಗೆ ಪೆಟ್ಟು ಬೀಳುತ್ತದೆ, ಮಂಡಿ ಹೋಗುತ್ತದೆ. ಮಗನನ್ನು ಕಳಿಸುವುದಿಲ್ಲ ಅನ್ನುವ ತಾಯಿಯ ಮೇಲೆ ನನಗೆ ಯಾವ ದೂರೂ ಇಲ್ಲ, ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಶಾಲೆಯ ಬ್ಯಾಂಡ್‌ನಲ್ಲಿ ಡ್ರಮ್ಮೋ ಕ್ಲಾರಿನೆಟ್ಟೋ ಹಿಡಿದು ಮ್ಯಾಚ್ ನಡೆಯುವ ಶುಕ್ರವಾರ ರಾತ್ರಿ ಅದೇ ಮೈದಾನಕ್ಕೆ ಇಳಿಯುತ್ತಾರೆ. ಕಳಿಸಲಿ ಬಿಡಲಿ, ತಮ್ಮ ಊರಿನ ಮಕ್ಕಳನ್ನು ಮುನ್ನಡೆಸುತ್ತಿರುವ ಕೋಚ್ ಯಾರು, ಅವರು ಎಂಥವರು ಅನ್ನುವುದು ಗೊತ್ತಿರಬೇಕು. ಮನೆ ಕೊಳ್ಳುವಾಗ ಶಾಲೆಯ ರೇಟಿಂಗ್ ನೋಡುವ ನಾವು ಇದನ್ನು ಸುಮ್ನೆ ಬಿಟ್ಟುಬಿಡುತ್ತೇವೆ.

ಅದಕ್ಕೇ ಕೇಳುತ್ತಿದ್ದೇನೆ. ಸೂಪರ್ ಬೌಲ್ ಸುದ್ದಿ ಹಾಕುವಾಗ, ಗೆದ್ದ ಕ್ವಾರ್ಟರ್‌ಬ್ಯಾಕ್ ಯಾವ ಶಾಲೆಯಲ್ಲಿ, ಯಾವ ಕೋಚ್ ಹತ್ತಿರ ಕಲಿತ ಅಂತ ಎರಡು ಸಾಲು ಸೇರಿಸಿ. ಬ್ರೀಸ್, ಫೋಲ್ಸ್ ಇಬ್ಬರೂ ವೆಸ್ಟ್‌ಲೇಕ್‌ನವರು ಅಂತ ಬೆಂಗಳೂರಿನಲ್ಲಿ ಕೂತು ಈ ಆಟ ನೋಡುವ ಹುಡುಗರಿಗೆ ಗೊತ್ತಾಗಲಿ. ಕರ್ನಾಟಕದ ವಿಷಯದಲ್ಲೂ ಇದನ್ನೇ ಕೇಳುತ್ತೇನೆ. ರಾಜ್ಯ ತಂಡಕ್ಕೆ ಹುಡುಗನೋ ಹುಡುಗಿಯೋ ಆಯ್ಕೆಯಾದಾಗ ಫೋಟೊ ಹಾಕುತ್ತೀರಿ, ಅವರ ಶಾಲೆಯ ದೈಹಿಕ ಶಿಕ್ಷಕರ ಹೆಸರು ಎಲ್ಲೋ ಕೆಲವು ಸಲ ಮಾತ್ರ ಬರುತ್ತದೆ. ಆ ಹೆಸರನ್ನು ಪ್ರತಿ ಸಲವೂ ಹಾಕಿ.

ಇಲ್ಲಿ ಸೀಸನ್ ಆಗಸ್ಟ್ ಕೊನೆಗೆ ಶುರುವಾಗಿ ದೊಡ್ಡ ಶಾಲೆಗಳ ಫೈನಲ್ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ನಿಮ್ಮವರು ಯಾರಾದರೂ ಆ ತಿಂಗಳುಗಳಲ್ಲಿ ಈ ಕಡೆ ಬಂದರೆ ಮ್ಯಾಚ್ ಒಂದನ್ನೇ ನೋಡಿ ಹೋಗದೆ, ವಾರದ ನಡುವೆ ಯಾವುದಾದರೂ ಶಾಲೆಯ ಅನುಮತಿ ಕೇಳಿ ಒಂದು ಪ್ರಾಕ್ಟೀಸ್ ಕೂಡ ನೋಡಲಿ.

ಇಂತಿ,
ನಿಮ್ಮ ಓದುಗ
ಪ್ಲೇನೋ, ಟೆಕ್ಸಾಸ್